ದಂತವಿಲ್ಲದ ಆನೆ

ಯಾವ ಬಟನ್ ಒತ್ತಿದರೂ ಹುಲಿಯೇ ಬರುತ್ತಿತ್ತು. ಭಾನುವಾರ ಒತ್ತಿದರೆ ಗರುಡ ಬರಬೇಕು, ಹುಲಿ ಬಂತು. ಶನಿವಾರ ಒತ್ತಿದರೆ ನಾಗ ಬರಬೇಕು, ಅದೇ ಹಲ್ಲು ಕಿರಿಯುವ ಹುಲಿ. ಈ ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ಕೆಳಗಿನ ಚಹಾದಂಗಡಿಯ ಬಾಣಲೆಗೆ ಹಾಕಿಬಿಡೋಣ ಅನ್ನಿಸಿತು ಯಮಿನ್‌ಗೆ.

"ಹುಲಿ ಸೋಮವಾರದ್ದಲ್ವಾ, ಆ ದಿನ ಹುಟ್ಟಿದವರಿಗೆ ಹಬ್ಬ ಕಣೇ!" ಪಕ್ಕದ ಕುರ್ಚಿಯಲ್ಲಿದ್ದ ನಿಲಾ ಕಿಸಕ್ಕನೆ ನಕ್ಕಳು. "ಮಿಕ್ಕವರೆಲ್ಲ ಹುಲಿ ಬಾಯಿಗೆ."

"ನಗು, ನಗು. ನಿನಗೇನು ಬಂದಿದೆ ಕಷ್ಟ?"

ನಿಲಾಗೆ ಕಷ್ಟವೇ ಇರಲಿಲ್ಲ. ಯಮಿನ್‌ಳ ಸಂಕಟವೂ ಅದೇ. ಬರ್ಮಾದ ಮಂಡಾಲೆಯ ಈ ಮಹಡಿ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ನಿಲಾಳನ್ನು ಕರೆತಂದವಳು ಯಾರು? ಇದೇ ಯಮಿನ್. "ಒಬ್ಬಳೇ ಹೋಗೋಕೆ ಬೇಜಾರು, ಬಾರೇ" ಅಂತ ಗೋಗರೆದು, ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದಳು. ಮೊದಮೊದಲು ಇಬ್ಬರೂ ಸಮಸಮ ದಡ್ಡಿಯರು. ಬಿಳಿ ಪರದೆ ಮೇಲೆ ಬಿಳಿ ಅಕ್ಷರ ಬರೆದು, ಬರೆದದ್ದು ಎಲ್ಲಿ ಹೋಯಿತು ಅಂತ ಹುಡುಕಿದ್ದರು. ಕೋಡಿನಲ್ಲಿ ಒಂದು ಕಂಸ ಮುಚ್ಚುವುದು ಮರೆತು ಪರದೆಯೇ ಮಾಯವಾದಾಗ ಒಬ್ಬರ ಮೇಲೊಬ್ಬರು ಬಿದ್ದು ನಕ್ಕಿದ್ದರು. ಆಮೇಲೆ ಯಾವ ಮಾಯದಲ್ಲೋ ನಿಲಾಗೆ ವಿದ್ಯೆ ಹತ್ತಿಬಿಟ್ಟಿತು. ಯಮಿನ್‌ಗೆ ಹತ್ತಲಿಲ್ಲ. ಜೊತೆಗೆ ಇರಲಿ ಅಂತ ಕರೆತಂದವಳು ಮುಂದೆ ಹೋದಾಗ ಉರಿಯುವ ಉರಿ ಇದೆಯಲ್ಲ, ಅದು ಬೇರೆಯವರು ಮುಂದೆ ಹೋದರೆ ಉರಿಯುವುದಿಲ್ಲ.

ಕೆಲಸವೇನೋ ಸಣ್ಣದು. ಕೇರಿಯ ಪಗೋಡಾದವರು ಬೆರಳಿಟ್ಟರೆ ಓಡುವ ದೊಡ್ಡ ಪರದೆಯೊಂದನ್ನು ಕೊಂಡಿದ್ದರು. ಬಂದವರು ತಾವು ಹುಟ್ಟಿದ ವಾರ ಒತ್ತಬೇಕು. ಆ ವಾರದ ಪ್ರಾಣಿ ಮೂಡಬೇಕು. ಪಗೋಡಾ ಸುತ್ತ ಅದರ ಮೂಲೆ ಯಾವ ದಿಕ್ಕಿಗಿದೆ, ಎಲ್ಲಿ ಹೋಗಿ ಮೂರ್ತಿಗೆ ನೀರೆರೆಯಬೇಕು ಅಂತ ಬಾಣದ ಗುರುತು ತೋರಿಸಬೇಕು. "ಯಾರ ಪರದೆ ಅಲ್ಲಿ ಕೂರುತ್ತೋ ಅವರು ನನ್ನ ಜೊತೆ ಇಲ್ಲೇ ಪಾಠ ಹೇಳಿಕೊಡೋಕೆ ಉಳೀತಾರೆ" ಅಂದಿದ್ದರು ಕಲಿಸುವ ಟೀಚರು, ಸಯಾಮಾ ಮ್ಯಾಟ್ ಮೋನ್. ಉಳಿಯದಿದ್ದರೆ ಯಮಿನ್‌ಗೆ ಚಿಕ್ಕಮ್ಮನ ಲುಂಗಿ ಅಂಗಡಿಯೇ ಗತಿ. ಬಿಚ್ಚಿ ತೋರಿಸು, ಮಡಿಸಿಡು, ಮತ್ತೆ ಬಿಚ್ಚು. ಅದನ್ನು ನೆನೆದರೇ ಅವಳಿಗೆ ಕೈ ಸೋಲುತ್ತಿತ್ತು.

"ನಂದು ಮುಗೀತು!" ಅಂತ ನಿಲಾ ಕೂಗಿದ್ದೇ ತಡ, ಇಡೀ ಕ್ಲಾಸು ಬಂದು ಮುತ್ತಿಕೊಂಡಿತು.

ಚೆನ್ನಾಗಿತ್ತು. ಹಾಳಾದದ್ದು, ಬಹಳ ಚೆನ್ನಾಗಿತ್ತು. ಕೆನ್ನೆಗೆ ಹಚ್ಚುವ ಥನಾಖಾ ಲೇಪದ ತಿಳಿ ಹಳದಿ ಬಣ್ಣ. ಮುದುಕರ ಬೆರಳಿಗೂ ಸಿಗುವಷ್ಟು ದೊಡ್ಡ ಬಟನ್ನುಗಳು, ನಡುವೆ ಉಸಿರಾಡುವಷ್ಟು ಜಾಗ. ಒತ್ತಿದರೆ ಬಟನ್ನು ಒಂಚೂರು ಒಳಗೆ ಹೋದಂತೆ ಕಾಣುತ್ತಿತ್ತು.

"ಅದು ಹೇಗೆ ಮಾಡಿದೆ ಇಷ್ಟು ಬೇಗ?" ಯಮಿನ್ ಕೇಳಿದಳು. ಕೇಳಬಾರದು ಅಂದುಕೊಂಡರೂ ಬಾಯಿ ಕೇಳಲಿಲ್ಲ.

"ಅಯ್ಯೋ, ಪಾಠದಲ್ಲೇ ವಾರದ ಪಟ್ಟಿ ರೆಡಿ ಇದೆಯಲ್ಲೇ. ಅದನ್ನ ಕಂಪ್ಯೂಟರಿಗೆ ಕೊಟ್ಟು, ಒಂದೊಂದಕ್ಕೂ ಒಂದು ಬಟನ್ ಮಾಡು ಅಂದೆ. ಅದೇ ಮಾಡ್ಕೊಳ್ತು. ನೀನ್ಯಾಕೆ ಕೂತು ಒಂದೊಂದನ್ನೂ ಕೈಯಲ್ಲಿ ಬರೀತೀಯ, ಪೆದ್ದಿ?"

ಪೆದ್ದಿ! ಎಲ್ಲರ ಎದುರಿಗೆ!

ಬಂದವರೆಲ್ಲ ಮೊದಲು ಒತ್ತಿದ್ದು ತಂತಮ್ಮ ವಾರ. ಮಂಗಳವಾರ ಹುಟ್ಟಿದ ಸಹಪಾಠಿ ಜಾರ್ನಿ, ಸಿಂಹ ಬಂತೆಂದು ಮೀಸೆ ತಿರುವಿದ. ಸಯಾಮಾ ಗುರುವಾರ ಒತ್ತಿದರು, ಇಲಿ ಬಂತು, ಸಣ್ಣ ಹುಡುಗಿಯ ಹಾಗೆ ನಕ್ಕರು. ತಮ್ಮದು ಬಂತಲ್ಲ, ಮಿಕ್ಕದ್ದನ್ನು ಯಾರು ನೋಡುತ್ತಾರೆ? "ಯಮಿನ್, ನೀನು ಜೊತೆಗಾರ್ತಿ. ಎಲ್ಲಾ ಒತ್ತಿ ನೋಡಿ ಸರಿ ಇದೆಯಾ ಹೇಳಮ್ಮ. ನೀನು ಸರಿ ಅಂದರೆ ಸರಿ" ಅಂದು ಸಯಾಮಾ ತಮ್ಮ ಮೇಜಿಗೆ ಹೋದರು. ಆ ಕ್ಲಾಸಿನ ಪದ್ಧತಿಯೇ ಹಾಗೆ, ಒಬ್ಬರ ಕೆಲಸವನ್ನು ಪಕ್ಕದವರು ಪರೀಕ್ಷೆ ಮಾಡಬೇಕು. ನಿಲಾ ಚಹಾ ತರಲು ಮೆಟ್ಟಿಲಿಳಿದಳು.

ಯಮಿನ್ ಬೆರಳೂ ಮೊದಲು ತನ್ನ ವಾರವನ್ನೇ ಹುಡುಕಿತು. ಇರಲಿಲ್ಲ.

ಮತ್ತೊಮ್ಮೆ ನೋಡಿದಳು. ಬುಧವಾರ ಅಂತ ಒಂದೇ ಬಟನ್ನು. ಒತ್ತಿದರೆ ದಂತದ ಆನೆ. ಅದು ಬುಧವಾರ ಬೆಳಿಗ್ಗೆ ಹುಟ್ಟಿದವರದು. ಮಧ್ಯಾಹ್ನ ಕಳೆದ ಮೇಲೆ ಹುಟ್ಟಿದವರದು ರಾಹುವಿನ ವಾರ, ಅವರದು ದಂತವಿಲ್ಲದ ಆನೆ, ಅವರ ಮೂಲೆಯೇ ಬೇರೆ. ಪಾಠ ಬರೆದ ಪರದೇಶದವರಿಗೆ ವಾರಕ್ಕೆ ಏಳೇ ದಿನ. ಪಗೋಡಾದಲ್ಲಿ ಎಂಟು. ಆ ಪರದೇಶದವರ ಪಟ್ಟಿಯನ್ನೇ ನಿಲಾ ಹಾಗೇ ಎತ್ತಿ ಹಾಕಿದ್ದಳು.

ಮೊದಲು ಬಂದದ್ದು ದುಃಖ. ಚಿಕ್ಕವರಿದ್ದಾಗಿನಿಂದ ಆ ರಾಹುವಿನ ಮೂಲೆಯಲ್ಲಿ ತನ್ನ ಜೊತೆ ನಿಂತು ನೀರೆರೆದವಳು ನಿಲಾ. "ನಿನ್ನ ಬೋಳು ಆನೆಗೆ ಇನ್ನೊಂದು ಬಟ್ಟಲು ಹಾಕೇ, ಹಲ್ಲಾದರೂ ಬರಲಿ" ಅಂತ ರೇಗಿಸಿದವಳು. ಅವಳೇ ಮರೆತಳಲ್ಲ! ದುಃಖದ ಹಿಂದೆಯೇ ಇನ್ನೊಂದು ಬಂತು, ಬಿಸಿಯಾಗಿ, ಸಿಹಿಯಾಗಿ. ನಾನು ಪೆದ್ದಿ, ಆದರೆ ನನ್ನ ಪರದೆಯಲ್ಲಿ ಎಂಟು ಬಟನ್ನಿವೆ. ಎಲ್ಲದರಲ್ಲೂ ಹುಲಿ ಬಂದರೇನು, ಎಂಟಿವೆ. ಹೋಗಲಿ, ಎಲ್ಲರ ಮುಂದೆ ಮುಖಭಂಗವಾಗಲಿ, ಇವಳಿಗೂ ಗೊತ್ತಾಗಲಿ.

"ಸರಿ ಇದೆ, ಸಯಾಮಾ" ಅಂದಳು.

ನಿಲಾ ಚಹಾ ತಂದಳು. ಜೊತೆಗೆ ತಂದಿದ್ದ ಕರಿದ ಹಿಟ್ಟಿನ ಕೋಲನ್ನು ಮುರಿದು ದೊಡ್ಡ ತುಂಡನ್ನು ಯಮಿನ್ ಕೈಗಿಟ್ಟಳು. "ನೀನು ನೋಡಿದೀಯಲ್ಲ, ಇನ್ನು ನಂಗೆ ಭಯ ಇಲ್ಲ." ಯಮಿನ್ ಅದನ್ನು ಚಹಾದಲ್ಲಿ ಅದ್ದಿ ತಿಂದಳು.

ಹೇಳಲು ಸಮಯವಿರಲಿಲ್ಲವೇ? ಬೇಕಾದಷ್ಟಿತ್ತು. ನಿಲಾಳ ಪರದೆ ಕೂರಿಸುವ ಹುಣ್ಣಿಮೆಯ ತನಕ ದಿನವೂ ಒಂದೇ ಬೈಕಿನಲ್ಲಿ ಹೋಗಿ ಬಂದರು. ನಿಲಾ ಬೆನ್ನ ಹಿಂದೆ ಕೂತು ಹಾಡುತ್ತಿದ್ದಳು. ಮಾತು ನಾಲಿಗೆ ತುದಿಗೆ ಬರುವುದು, ಅಷ್ಟರಲ್ಲಿ ನಿಲಾ "ಸಯಾಮಾ ನಂಗೆ ಪಾಠ ಹೇಳೋಕೆ ಕಿಟಕಿ ಪಕ್ಕದ ಮೇಜು ಕೊಡ್ತಾರಂತೆ ಕಣೇ" ಅನ್ನುವಳು. ಮಾತು ಹೊಟ್ಟೆಗೆ ವಾಪಸ್ಸು.

ಹುಣ್ಣಿಮೆಯ ಬೆಳಿಗ್ಗೆ ಪಗೋಡಾದ ಅಮೃತಶಿಲೆಯ ನೆಲದ ಮೇಲೆ ಬರಿಗಾಲಲ್ಲಿ ಜನ ಸೇರಿದರು. ಸಮಿತಿಯ ಹಿರಿಯರು ಊ ಥಾಂಗ್ ತಮ್ಮ ಶುಕ್ರವಾರ ಒತ್ತಿದರು. ಗಿನಿಪಿಗ್ ಬಂತು, ಬಾಣ ಬಂತು, ಚಪ್ಪಾಳೆ ಬಿತ್ತು. ನಿಲಾ ಮುಖ ಬೆಳಗಿತು. ಯಮಿನ್ ಕಂಬಕ್ಕೆ ಒರಗಿ ಕಾಯುತ್ತಿದ್ದಳು.

ಹೂ ಮಾರುವ ದೋ ಯೀ ಅಜ್ಜಿ ಬುಟ್ಟಿ ಕೆಳಗಿಟ್ಟು ಬಂದಳು. ಬೆರಳು ಮೇಲೆ ಹೋಯಿತು, ಕೆಳಗೆ ಬಂತು. "ನಂದೆಲ್ಲಿದೆ ಮಗಳೇ?"

"ಯಾವ ವಾರ ಅಜ್ಜಿ?"

"ಬುಧವಾರ, ಹೊತ್ತು ಇಳಿದ ಮೇಲೆ. ರಾಹು."

ನಿಲಾ ಪರದೆ ನೋಡಿದಳು. ಬಟನ್ನುಗಳನ್ನು ಎಣಿಸಿದಳು. ಏಳೇ.

"ಹೋಗಲಿ ಬಿಡು" ಅಂದಳು ಅಜ್ಜಿ, ಬುಟ್ಟಿ ಎತ್ತಿಕೊಳ್ಳುತ್ತ. "ಇದರ ಪ್ರಕಾರ ನಾನು ಇನ್ನೂ ಹುಟ್ಟೇ ಇಲ್ಲ." ಜನ ಹೋ ಅಂತ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ.

"ಏನಮ್ಮ ಇದು?" ಊ ಥಾಂಗ್ ದನಿ ಗಡುಸಾಯಿತು. "ನಮ್ಮ ಪಗೋಡಾದ ಒಂದು ಮೂಲೆಯನ್ನೇ ತಿಂದು ಹಾಕಿದ್ದೀಯಲ್ಲ!"

ಸಯಾಮಾ ಮುಖ ಕೆಂಪಾಯಿತು. "ಪರೀಕ್ಷೆ ಮಾಡಿದಾಗ ಇದು ಕಾಣಲಿಲ್ಲವಾ?"

ಯಮಿನ್ ಉತ್ತರ ರೆಡಿ ಇಟ್ಟುಕೊಂಡಿದ್ದಳು: ಗಮನಿಸಲಿಲ್ಲ, ಸಯಾಮಾ, ನಂಗೂ ಹೊಳೀಲಿಲ್ಲ. ಅಷ್ಟರಲ್ಲಿ ನಿಲಾ ತಿರುಗಿದಳು. ಅವಳ ಮುಖದಲ್ಲಿ ಭಯವಿತ್ತು, ಜೊತೆಗೆ ಇವಳಿದ್ದಾಳಲ್ಲ ಅನ್ನುವ ಭರವಸೆಯೂ ಇತ್ತು. "ಯಮಿನ್ ನೋಡಿದ್ಲು, ಸಯಾಮಾ. ಅವಳೇ ರಾಹುವಾರದವಳು, ಮೊದಲು ತನ್ನದನ್ನೇ ಒತ್ತಿ..."

ಮಾತು ಅಲ್ಲಿಗೇ ನಿಂತಿತು. ಎಲ್ಲರೂ ಮೊದಲು ಒತ್ತುವುದು ತಮ್ಮ ವಾರವನ್ನೇ. ಅದು ನಿಲಾಗೆ ಹೊಳೆದ ಗಳಿಗೆ ಯಮಿನ್‌ಗೂ ಕಂಡಿತು. ರೆಡಿ ಇಟ್ಟಿದ್ದ ಉತ್ತರ ಯಾವ ಮೂಲೆಗೆ ಹೋಯಿತೋ! ನಿಲಾ ಬಯ್ಯಲಿ, ಕೂಗಾಡಲಿ, ಎಲ್ಲರ ಮುಂದೆ ಜುಟ್ಟು ಹಿಡಿಯಲಿ ಅಂತ ಅವಳು ಒಳಗೇ ಬೇಡಿಕೊಂಡಳು.

"ಇಲ್ಲ ಸಯಾಮಾ" ಅಂದಳು ನಿಲಾ. "ತಪ್ಪು ನಂದೇ. ನಾನೇ ಅವಸರ ಮಾಡಿದೆ. ಅವಳಿಗೆ ಪೂರ್ತಿ ನೋಡೋಕೆ ಬಿಡಲಿಲ್ಲ."

ಅಷ್ಟಂದು ರಾಹುವಿನ ಮೂಲೆಗೆ ಹೋಗಿ, ದಂತವಿಲ್ಲದ ಆನೆಯ ಫೋಟೋ ತೆಗೆದು ಬಂದಳು. ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಕೂತು ಪಟ್ಟಿಗೆ ಎಂಟನೆಯದನ್ನು ಸೇರಿಸಿದಳು. ಅಜ್ಜಿಯನ್ನು ಕೂಗಿ ಕರೆದು, ಅವಳ ಬೆರಳು ಹಿಡಿದು ಒತ್ತಿಸಿದಳು. ಆನೆ ಬಂತು. "ಹುಟ್ಟಿದೆ ಕಣ್ರೋ!" ಅಂತ ಅಜ್ಜಿ ಕೂಗಿದಳು. ಊ ಥಾಂಗ್ ಕೂಡ ನಕ್ಕುಬಿಟ್ಟರು. ಸಯಾಮಾ ನಿಲಾಳ ಬೆನ್ನು ತಟ್ಟಿದರು. ಕಿಟಕಿ ಪಕ್ಕದ ಮೇಜು ಯಾರಿಗೆ ಅಂತ ಇನ್ನು ಕೇಳಬೇಕಿರಲಿಲ್ಲ.

ಜನ ಚದುರಿದ ಮೇಲೆ ನಿಲಾ ಹತ್ತಿರ ಬಂದಳು. "ನೀನೂ ಒತ್ತು" ಅಂದಳು. "ಪರೀಕ್ಷೆ ಮಾಡೋಳು ನೀನೇ ತಾನೆ."

ಯಮಿನ್ ಒತ್ತಿದಳು. ದಂತವಿಲ್ಲದ ಆನೆ ಬಂತು. ಬೋಳು ಆನೆ ಅಂತ ನಿಲಾ ರೇಗಿಸುತ್ತಾಳೆ ಅಂತ ಕಾದಳು. ರೇಗಿಸಲಿಲ್ಲ. ಅಲ್ಲೂ ಯಮಿನ್ ಹೊಟ್ಟೆ ಉರಿಯಿತು. ಇವಳಂತೆ ನನಗೆ ಬಟನ್ ಮಾಡೋಕೂ ಬರಲ್ಲ, ತಪ್ಪನ್ನ ಮೈಮೇಲೆ ಎಳೆದುಕೊಳ್ಳೋಕೂ ಬರಲ್ಲ.

"ಸರಿ ಇದೆ" ಅಂದಳು. "ನಿಲಾ, ಬಾರೇ, ಮನೆಗೆ ಹೋಗೋಣ. ದಾರೀಲಿ ಎಲ್ಲಾ ಹೇಳ್ತೀನಿ."

ನಿಲಾ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡಳು. "ನೀನು ಹೋಗಿರು" ಅಂದಳು ಮೆಲ್ಲಗೆ. "ನಾನು ನಡ್ಕೊಂಡು ಬರ್ತೀನಿ."