ಕಿಟಕಿ ಪಕ್ಕದ ಕರ್ಚೀಫು

ಯಾರದೋ ಕರ್ಚೀಫು, ಬಿಳಿಯದು, ಅಂಚಿಗೆ ಹಸಿರು ಗೆರೆ, ಎದುರಿನ ಕಿಟಕಿ ಸೀಟಿನ ಮೇಲೆ ನೀಟಾಗಿ ಹಾಸಿಟ್ಟಿದ್ದಾರೆ, ಗಾಳಿಗೆ ಒಂದು ಮೂಲೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ — ಅವನದಲ್ಲ, ಅವನದು ನೀಲಿ ಚೌಕಳಿಯದು, ಒಗೆದು ಒಗೆದು ಬಣ್ಣ ಬಿಟ್ಟದ್ದು, ಅವನದು ಹೇಗಾದೀತು, ಪ್ರಶಾಂತ್ ಇವತ್ತು ದಾವಣಗೆರೆಯ ಯಾವುದೋ ಕಲ್ಯಾಣಮಂಟಪದಲ್ಲಿ ಬಾಸಿಂಗ ಕಟ್ಟಿಸಿಕೊಂಡು ಹಸೆಮಣೆಯ ಮೇಲೆ ಕೂತಿದ್ದಾನೆ, ನಾನು ದಿನದ ಹಾಗೇ ಬೆಳಗಿನ ರೈಲಿನಲ್ಲಿ ಪಾಸಿನವರ ಡಬ್ಬಿಯಲ್ಲಿ ಒತ್ತಿಕೊಂಡು ಕೂತಿದ್ದೇನೆ, ಮಣಿನಗರದಿಂದ ವಡೋದರಾಕ್ಕೆ, ಸಂಜೆ ವಡೋದರಾದಿಂದ ಮಣಿನಗರಕ್ಕೆ, ಇಲ್ಲಿಯವರನ್ನು ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ ಕೆಲಸದ ಹೆಸರು ಹೇಳುವುದಿಲ್ಲ, ಅಪ್-ಡೌನ್ ಕರುಂ ಛುಂ, ಹೋಗಿ ಬಂದು ಮಾಡ್ತೀನಿ, ಅನ್ನುತ್ತಾರೆ, ನನ್ನದೂ ಅಷ್ಟೇ, ಅಪ್-ಡೌನ್. ರೈಲು ಹೊರಡುವುದು ಅಹಮದಾಬಾದಿನಲ್ಲಿ, ಅಲ್ಲಿ ಹತ್ತಿದವರು ಕರ್ಚೀಫು ಹಾಸಿದರೆ ಮುಗಿಯಿತು, ಮುಂದಿನ ಸ್ಟೇಷನ್ನಿನ ತಮ್ಮವರಿಗೆ ಆ ಸೀಟು, ನಿಂತವರ ಕಾಲು ಬಿದ್ದುಹೋದರೂ ಅದನ್ನು ಎತ್ತುವ ಹಾಗಿಲ್ಲ, ಯಾರಾದರೂ ಕೈ ಹಾಕಿದರೆ ಆವೇ ಛೇ, ಆವೇ ಛೇ, ಬರ್ತಾರೆ ಬರ್ತಾರೆ ಎಂದು ನಾಲ್ಕು ಬಾಯಿ ಒಟ್ಟಿಗೇ ಏಳುತ್ತವೆ. ಒಂದೂವರೆ ವರ್ಷ ಆ ನೀಲಿ ಚೌಕಳಿ ನನಗಾಗಿ ಕಿಟಕಿ ಹಿಡಿದಿಟ್ಟಿತ್ತು, ಅವನು ಅಹಮದಾಬಾದಿನ ಇನ್ನೊಂದು ತುದಿಯ ಬೋಡಕ್‌ದೇವಿನ ಫ್ಲ್ಯಾಟಿನಿಂದ ಕತ್ತಲಲ್ಲೇ ಎದ್ದು ಸಿಟಿ ಬಸ್ಸು ಹಿಡಿದು ಅಷ್ಟು ದೂರ ಬಂದು ಹತ್ತುವವನು, ನಾನು ಮಣಿನಗರದಲ್ಲಿ ಆರಾಮಾಗಿ ಹತ್ತುವವಳು, ಕರ್ಚೀಫು ಎತ್ತಿ ಕೊಡವಿ, ಬನ್ನಿ ಮಹಾರಾಣಿಯವರೇ ಕೂತ್ಕೊಳ್ಳಿ, ಅನ್ನುವನು, ನಾನು ಒಂದು ಥ್ಯಾಂಕ್ಸ್ ಕೂಡ ಹೇಳದೆ ಕೂತು ಕಿಟಕಿಗೆ ತಲೆ ಆನಿಸುತ್ತಿದ್ದೆ, ಪಾಸಿನವರು ಪಾಸಿನವರಿಗೆ ಮಾಡುವುದು, ಅದರಲ್ಲೇನಿದೆ ಅಂತ. ಅದರಲ್ಲೇನಿದೆಯಂತೆ, ನನ್ನ ತಲೆ. ಪಕ್ಕದಲ್ಲಿ ಸುಭದ್ರಕ್ಕ ಥೇಪ್ಲಾ ಡಬ್ಬಿ ಬಿಚ್ಚುತ್ತಿದ್ದಾರೆ, ಧಾರವಾಡದವರು, ಮಣಿನಗರದಲ್ಲಿ ನಮ್ಮ ಹಿಂದಿನ ಗಲ್ಲಿ, ಆಣಂದದ ಬ್ಯಾಂಕಿನಲ್ಲಿ ಕೆಲಸ, ಒಂದು ತಿನ್ನ ಬಾರವಾ, ಮಾರಿ ಯಾಕ ಹಿಂಗ ಸಪ್ಪಗ ಮಾಡೀದಿ, ಬೇಡ ಅಕ್ಕ, ಹೊಟ್ಟೆ ತುಂಬಿದೆ, ಸುಳ್ಳು, ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ, ಅವರು ಚೀಲದಿಂದ ಗುಜರಾತಿ ಪೇಪರಿನಲ್ಲಿ ಸುತ್ತಿದ ಕಟ್ಟೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು, ತಗೋ, ಪ್ರಶಾಂತ ಊರಿಗೆ ಹೋಗೂ ಮುಂದ ಸೂರತ್ತಿನಿಂದ ಕಳಿಸ್ಯಾನ, ನಿಮ್ಮ ಪುಸ್ತಕದ ಕೊನೀ ತುಂಡು. ಕಟ್ಟು ಹಗುರವಾಗಿದೆ, ಬಿಚ್ಚಲು ಕೈ ಬರುತ್ತಿಲ್ಲ.

ಪುಸ್ತಕ ತಂದವನೂ ಅವನೇ, ಆಫೀಸಿನ ಕೆಲಸಕ್ಕೆಂದು ಸೂರತ್ತಿಗೆ ಹೋಗಿದ್ದಾಗ ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ಕೊಂಡದ್ದು, ಇಟ್ಟಿಗೆಯಷ್ಟು ದಪ್ಪ, ಕದ್ದು ಅಚ್ಚು ಹಾಕಿದ ಇಂಗ್ಲಿಷು, ಹರೆಯದವರಿಗೆಂದು ಬರೆದ ಮಾಯಾಲೋಕದ ಪ್ರೇಮಕಥೆ — ಆ ಲೋಕದಲ್ಲಿ ಹದಿನೇಳು ತುಂಬಿದ ದಿನ ನಮ್ಮ ನೆರಳು ಹೋಗಿ ಇನ್ನೊಬ್ಬರ ನೆರಳು ಕಾಲಿಗೆ ಅಂಟಿಕೊಳ್ಳುತ್ತದೆ, ಯಾರ ನೆರಳೋ ಅವರ ಜೊತೆಗೇ ಬಾಳು, ವಿಧಿ ಬರೆದದ್ದು, ತಪ್ಪಿಸುವಂತಿಲ್ಲ, ನಾಯಕಿಗೆ ಬಂದದ್ದು ಶತ್ರುದೇಶದ ಹುಡುಗನ ನೆರಳು, ಅವಳು ಓಡುತ್ತಾಳೆ, ಪುಸ್ತಕ ಪೂರ್ತಿ ಓಡುತ್ತಾಳೆ. ಮೂವರಿಗೂ ನಾನೇ ಮೊದಲು ಓದಬೇಕು ಎಂಬ ಹಟ, ಸುಭದ್ರಕ್ಕನ ಚೀಲದಲ್ಲಿ ಸದಾ ಇರುವ ಬ್ಲೇಡು ಹೊರಗೆ ಬಂತು, ಪುಸ್ತಕದ ಬೆನ್ನು ಸೀಳಿ ಮೂರು ತುಂಡು, ಚೀಟಿ ಎತ್ತಿದಾಗ ಮೊದಲನೆಯದು ನನಗೆ, ನಡುವಿನದು ಸುಭದ್ರಕ್ಕನಿಗೆ, ಕೊನೆಯದು ಅವನಿಗೆ, ನೋಡು ಹಣೆಬರಹ, ಕಥೆಯ ಕೊನೆ ನನ್ನ ಕೈಗೇ ಬಂತು, ಎಂದು ನಕ್ಕ. ಆಮೇಲೆ ಡಬ್ಬಿಯ ತುಂಬಾ ಅಭಿಪ್ರಾಯಗಳು, ಸುಭದ್ರಕ್ಕ ನಡುವಿನಿಂದ ಶುರು ಮಾಡಿದ್ದರಿಂದ ಅವರಿಗೆ ಹುಡುಗನ ಮೇಲೆ ಕನಿಕರ, ಪಾಪ ಅವಂದೇನ ತಪ್ಪದ, ನೆಳ್ಳು ಅಂವಾ ಕೇಳಿ ತಗೊಂಡಾನೇನು, ಹಣೀಬರಹ ಒರಸಾಕ ಬರ್ತದೇನ್ವಾ, ಅವರ ಯಜಮಾನರು ವಾಮನರಾಯರು ಉಪಗ್ರಹ ಕೇಂದ್ರದಲ್ಲಿ ಲೆಕ್ಕ ಹಾಕುವ ವಿಜ್ಞಾನಿ, ರಟ್ಟು ನೋಡಿಯೇ ತೀರ್ಪು ಕೊಟ್ಟರಂತೆ, ನೆಳ್ಳು ಬೀಳಾಕ ಬೆಳಕ ಬೇಕು, ಹಣೀಬರಹ ಯಾಕ ಬೇಕು, ನಡಿಯಾದಿನಲ್ಲಿ ಹತ್ತುವ ಕಾಲೇಜು ಹುಡುಗಿ ನನ್ನ ತುಂಡನ್ನು ಇಣುಕಿ ಇಣುಕಿ ಓದಿ, ಪಾಗಲ್ ಹೈ ಯೇ ಲಡ್ಕೀ, ಅಂಥವನ ನೆರಳು ನನಗೆ ಬಂದಿದ್ದರೆ ಮನೆಗೇ ಕರಕೊಂಡು ಹೋಗುತ್ತಿದ್ದೆ, ಅಂದಳು. ನನ್ನದು ಮಾತ್ರ ಬೆಂಕಿ. ತಿಪಟೂರಿನಲ್ಲಿ ಅಮ್ಮ ನನ್ನ ಜಾತಕ ಹಿಡಿದುಕೊಂಡು ತಿರುಗದ ಮನೆಯಿಲ್ಲ, ಕುಜದೋಷ, ಬಂದ ಸಂಬಂಧಗಳೆಲ್ಲ ಕಾಫಿ ಕುಡಿದು ಜಾತಕ ನೋಡಿ ಎದ್ದು ಹೋದವು, ಭಾನುವಾರ ಎಸ್‌ಟಿಡಿ ಬೂತಿನಲ್ಲಿ ನಿಂತರೆ ಆ ಕಡೆಯಿಂದ ಒಂದೇ ಮಾತು, ನಿನ್ನ ಹಣೇಲಿ ಏನು ಬರ್ದಿದ್ಯೋ ಕಣೆ ಅರ್ಚಿತಾ — ಹಣೆಬರಹ ಎಂಬ ಪದ ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು, ಪ್ರಶಾಂತ್ ಮಾತ್ರ ಒಂದು ದಿನವೂ ನನ್ನ ಜಾತಕ ಕೇಳಿದವನಲ್ಲ, ಅದೂ ನನಗೆ ಆಗ ಹೊಳೆಯಲಿಲ್ಲ. ಜೊತೆಗೆ ನನ್ನದೊಂದು ಚಾಳಿ, ಕೊನೆ ತಿಳಿಯದೆ ಯಾವ ಕಥೆಯನ್ನೂ ಓದಲಾರೆ, ಕೊನೆ ಹೇಳು ಪ್ರಶಾಂತ್, ನಡುವಿಂದು ಓದಿ ಮುಗ್ಸು ಮೊದ್ಲು ಅನ್ನುವನು, ಕೊನೆ ಗೊತ್ತಿಲ್ದೆ ನಾನು ಯಾವುದಕ್ಕೂ ಕೈ ಹಾಕಲ್ಲ, ಯಾವುದಕ್ಕೂ? ಯಾವುದಕ್ಕೂ. ಅವನು ಒಂದು ಬೆಳಿಗ್ಗೆ ಹೇಳಿದ, ವಾಸದ್ ದಾಟಿ ರೈಲು ಮಹೀ ಸೇತುವೆಗೆ ಬರುತ್ತಿತ್ತು, ಆಣಂದದಲ್ಲಿ ಸುಭದ್ರಕ್ಕ ಇಳಿದಾಗಿತ್ತು, ಕೊನೆಯಲ್ಲಿ ಒಂದು ನದಿ ಬರುತ್ತೆ, ಆಚೆ ದಡದಲ್ಲಿ ಯಾರಿಗೂ ನೆರಳಿಲ್ಲ, ಹಣೆಬರಹವೂ ಇಲ್ಲ, ಅಲ್ಲಿಗೆ ಹೋಗೋ ಕೊನೇ ದೋಣಿಯಲ್ಲಿ ಆ ನೆರಳಿನ ಹುಡುಗ ಕೂತಿದ್ದಾನೆ, ಹೆಗಲ ಮೇಲಿನ ಬಟ್ಟೆ ತೆಗೆದು ಪಕ್ಕದ ಹಲಗೆ ಮೇಲೆ ಹಾಸಿದ್ದಾನೆ, ಬೇರೆ ಯಾರೂ ಕೂರಬಾರದು ಅಂತ, ಅಂಬಿಗ ಹೊರಡ್ಲಾ ಅಂತಾನೆ, ಇವನು ಇನ್ನೊಂಚೂರು ತಡಿ, ಬರ್ತಾಳೆ ಅಂತಾನೆ. ಆಮೇಲೆ? ಅಷ್ಟೇ, ಆಮೇಲಿಂದು ಓದುಗರಿಗೆ ಬಿಟ್ಟಿದ್ದಾರೆ, ನೀನು ಹೇಳು, ಬರ್ತಾಳಾ? ನಾನು ಎಂ.ಎ. ಇಂಗ್ಲಿಷು, ವಡೋದರಾದ ಫತೇಗಂಜಿನ ಹತ್ತಿರದ ಕಾಲೇಜಿನಲ್ಲಿ ಮಕ್ಕಳಿಗೆ ಕಾದಂಬರಿ ವಿಮರ್ಶೆ ಹೇಳಿಕೊಡುವ ಮೇಧಾವಿ, ಶುರು ಮಾಡಿದೆ, ಬರಲ್ಲ, ಯಾಕೆ ಬರಬೇಕು, ಪುಸ್ತಕ ಪೂರ್ತಿ ಅವನ ನೆರಳು ಅವಳನ್ನ ಅಟ್ಟಾಡಿಸಿದ್ದು ಸಾಲದಾ, ಸೀಟು ಹಿಡಿದಿಟ್ಟ ಮಾತ್ರಕ್ಕೆ ಹೋಗಿ ಕೂತುಬಿಡಬೇಕಾ, ಅವಳನ್ನ ಯಾರಾದರೂ ಕೇಳಿದರಾ. ಈಗ ಅವನು ಕೇಳ್ತಿದಾನಲ್ಲ, ಅಂದ. ಬಟ್ಟೆ ಹಾಸೋದು ಕೇಳೋದಲ್ಲ, ನಾನಾಗಿದ್ರೆ ಖಂಡಿತ ಹತ್ತುತ್ತಾ ಇರಲಿಲ್ಲ, ಅವನು ಬಟ್ಟೆ ಎತ್ಕೊಂಡು ಮನೆಗೆ ಹೋಗಲಿ, ಬೋಗಸ್ ಕೊನೆ, ಯಾವ ಪುಣ್ಯಾತ್ಮ ಬರೆದನೋ. ಅವನು ನಕ್ಕ, ಖಂಡಿತ ಹತ್ತಲ್ವಾ? ಇಲ್ಲ ಅಂದೆನಲ್ಲ. ಸರಿ ಬಿಡು, ಪುಣ್ಯಾತ್ಮನಿಗೆ ಹೇಳ್ತೀನಿ, ಅಂದು ಕೈಯಲ್ಲಿದ್ದ ಕರ್ಚೀಫನ್ನು ಮಡಚಿ, ಇನ್ನೊಮ್ಮೆ ಮಡಚಿ, ಜೇಬಿಗಿಟ್ಟುಕೊಂಡ. ಸೂರತ್ತಿನ ವರ್ಗ ಬೇಡ ಬೇಡ ಎಂದು ವರ್ಷದಿಂದ ಮುಂದೂಡುತ್ತಿದ್ದವನು ಆ ತಿಂಗಳೇ ಒಪ್ಪಿಕೊಂಡ, ಮಳೆಗಾಲ ಮುಗಿಯುವಷ್ಟರಲ್ಲಿ ಊರಿನಲ್ಲಿ ಹುಡುಗಿ ನೋಡಿದರು, ಗಣಕೂಟ ಚೆನ್ನಾಗಿ ಕೂಡಿತಂತೆ.

ಬಿಚ್ಚಿದೆ, ಬಿಚ್ಚದೆ ಇರಲಾಗಲಿಲ್ಲ, ಪೇಪರಿನೊಳಗೆ ಅದೇ ತುಂಡು, ಒಂದು ಕಡೆ ಬ್ಲೇಡಿನ ಗಾಯ, ಹೊಲಿಗೆಯ ದಾರ ಇಳಿಬಿದ್ದಿದೆ, ನನ್ನ ಚಾಳಿ ಎಲ್ಲಿ ಹೋಗುತ್ತದೆ, ನೇರವಾಗಿ ಕೊನೆಯ ಪುಟಕ್ಕೆ ಹೋದೆ, ನದಿ ಹುಡುಕಿದೆ, ದೋಣಿ ಹುಡುಕಿದೆ, ಇಲ್ಲ, ಅವಳು ಯಾವುದೋ ಕೋಟೆಯ ಮೆಟ್ಟಿಲು ಇಳಿಯುತ್ತಿದ್ದಾಳೆ, ಕೆಳಗೆ ಯಾರೋ ಕೂಗಿದರು, ಅವಳು ತಿರುಗಿ ನೋಡಿದಳು, ಅಲ್ಲಿ — ಅಷ್ಟೇ, ವಾಕ್ಯದ ನಡುವೆಯೇ ಪುಟ ಮುಗಿದಿದೆ, ಆಮೇಲೆ ರಟ್ಟು, ಹರಿದ ಗುರುತಿಲ್ಲ, ಅಂಟು ಹಾಗೇ ಇದೆ, ಹಾಳೆಗಳನ್ನು ಸೇರಿಸಿಯೇ ಇಲ್ಲ, ಹಿಂದಕ್ಕೆ ಮಗುಚಿದೆ, ಪುಟ ಪುಟವಾಗಿ ನೋಡಿದೆ, ಎಲ್ಲೂ ನದಿಯಿಲ್ಲ, ಇದು ಬೇರೆ ಪುಸ್ತಕವಿರಬೇಕು, ಇಲ್ಲ, ಅದೇ ಹುಡುಗಿ, ಅದೇ ನೆರಳು. ಅಕ್ಕ, ಇದರಲ್ಲಿ ಕೊನೆಯಿಲ್ಲ. ಥೇಪ್ಲಾ ಅಗಿಯುತ್ತಲೇ ಸುಭದ್ರಕ್ಕ, ಫುಟ್‌ಪಾತಿನ ಪುಸ್ತಕ ಹಂಗ ಇರ್ತಾವ, ಕೊನೀ ಹಾಳಿ ಹಚ್ಚೇ ಇರೂದಿಲ್ಲ, ನನಗ ಅಂವಾ ಮೊದಲನ ಹೇಳಿದ್ದ. ಏನು ಹೇಳಿದ್ದ? ಅಕ್ಕಾರ, ಕೊನಿ ಇಲ್ಲ, ಅಕಿಗೆ ಮಾತ್ರ ಹೇಳಬ್ಯಾಡ್ರಿ, ಕೊನಿ ಇಲ್ಲಂದ್ರ ಅಕಿ ಓದೂದ ಬಿಡತಾಳ, ನಾನ ಒಂದು ಕೊನಿ ಕಟ್ಟಿ ಹೇಳತೇನಿ ಅಂದ, ನಕ್ಕೋತ ಅಂದ, ಹುಡುಗರ ಚ್ಯಾಷ್ಟಿ ಅಂತ ನಾನೂ ಸುಮ್ಮನಾದೆ, ಯಾಕ, ಏನ್ ಕೊನಿ ಹೇಳಿದ್ದ ನಿನಗ? ನೆನಪಿಲ್ಲ ಅಕ್ಕ ಅಂದೆ. ರೈಲು ಆಣಂದಕ್ಕೆ ಬಂತು, ಅವರು ಡಬ್ಬಿ ಮುಚ್ಚಿ ಸೆರಗು ಸರಿಮಾಡಿಕೊಂಡು ಎದ್ದರು, ಗಡಿಯಾರ ನೋಡಿಕೊಂಡರು, ಅಕ್ಕಿಕಾಳು ಬಿದ್ದಿರಬೇಕು ನೋಡು ಈಗ, ಛಲೋ ಹುಡುಗ, ಸುಖವಾಗಿರ್ಲಿ, ನೀನೂ ಲಗೂನ ಒಂದ್ ಊಟಾ ಹಾಕಿಸವಾ, ಎಂದು ನನ್ನ ಕೆನ್ನೆ ತಟ್ಟಿ ಇಳಿದು ಹೋದರು. ಪ್ಲಾಟ್‌ಫಾರಂನಲ್ಲಿ ಅವರ ಹಸಿರು ಸೀರೆ ಸ್ವಲ್ಪ ದೂರ ಕಾಣಿಸಿತು.

ಪುಣ್ಯಾತ್ಮ ಅಂದೆ, ಅವನ ಮುಖಕ್ಕೇ ಅಂದೆ, ಬರೆದವನು ಪಕ್ಕದಲ್ಲೇ ಕೂತಿದ್ದ, ಅವನು ನನ್ನನ್ನು ಕೇಳಿದ್ದ, ನಾನು ಅಭಿಪ್ರಾಯ ಹೇಳಿದೆ — ನೆರಳುಗಳ ಲೋಕದಲ್ಲಿ ಸೀಟು ಹಿಡಿಯಲು ಬಟ್ಟೆ ಯಾರು ಹಾಸುತ್ತಾರೆ, ಅದು ಈ ಡಬ್ಬಿಯ ಪದ್ಧತಿಯಲ್ಲವೇ, ನಾನೇ ಬಾಯಿಬಿಟ್ಟು ಸೀಟು ಅಂದೆನಲ್ಲ, ದೋಣಿಯಲ್ಲಿ ಸೀಟೆಲ್ಲಿಂದ ಬಂತು, ಅಂದವಳಿಗೇ ತಿಳಿಯಲಿಲ್ಲ, ಅವನ ಕೈಯಲ್ಲಿ ಕರ್ಚೀಫಿತ್ತು, ನನ್ನ ಮೂಗಿನ ಕೆಳಗಿತ್ತು, ಮೂರು ಸಲ ಕೇಳಿದ, ಬರ್ತಾಳಾ, ಖಂಡಿತ ಹತ್ತಲ್ವಾ, ಈಗ ಅವನು ಕೇಳ್ತಿದಾನಲ್ಲ, ಅಯ್ಯೋ, ಅದಕ್ಕಿಂತ ಬಿಡಿಸಿ ಇನ್ನು ಹೇಗೆ ಕೇಳಬೇಕಿತ್ತು, ಜಾಣೆ, ವಿಮರ್ಶಕಿ, ಬರುವ ಸಂಬಂಧಗಳೆಲ್ಲ ನನ್ನ ಜಾತಕ ನೋಡಿ ಎದ್ದುಹೋದವು, ಇವನೊಬ್ಬ ಕೂತಿದ್ದ, ಇವನನ್ನು ನಾನೇ ಎಬ್ಬಿಸಿ ಕಳಿಸಿದೆ, ಇದಕ್ಕೆ ಯಾವ ಕುಜನನ್ನು ಬಯ್ಯಲಿ. ಅವನೆಂದರೆ ನನಗೆ ಪ್ರಾಣವಾಗಿತ್ತು, ಇದನ್ನು ಇವತ್ತು, ಈ ಹೊತ್ತಿನಲ್ಲಿ, ಅಕ್ಕಿಕಾಳು ಬಿದ್ದ ಮೇಲೆ ಹೇಳಿಕೊಳ್ಳುತ್ತಿದ್ದೇನೆ, ಮಣಿನಗರದ ಪ್ಲಾಟ್‌ಫಾರಂನಲ್ಲಿ ದಿನಾ ರೈಲು ನಿಲ್ಲುವ ಮೊದಲೇ ಕಿಟಕಿಗಳಲ್ಲಿ ಅವನ ಮುಖ ಹುಡುಕುತ್ತಿದ್ದವಳು ಯಾರು, ಅವನು ರಜೆ ಹಾಕಿದ ದಿನ ಮಕ್ಕಳ ಮೇಲೆ ರೇಗುತ್ತಿದ್ದವಳು ಯಾರು, ಅವನೇ ಹೇಳಲಿ ಎಂದು ಕಾದೆ, ಅವನು ಹೇಳಿದಾಗ ಅಂಕ ಹಾಕಿದೆ, ನಾಪಾಸು ಮಾಡಿದೆ. ಈ ತುಂಡಿನಲ್ಲಿ ಎಲ್ಲಾದರೂ ಒಂದು ಗೆರೆ ಎಳೆದಿದ್ದಾನೇನೋ ಎಂದು ಮತ್ತೆ ಮಗುಚಿದೆ, ಇಲ್ಲ, ಏನೂ ಇಲ್ಲ, ಶುದ್ಧವಾಗಿ ಇಟ್ಟುಕೊಂಡು ಶುದ್ಧವಾಗಿ ಹಿಂತಿರುಗಿಸಿದ್ದಾನೆ, ಕೊನೆಯಿಲ್ಲ ಎಂದು ನಾನೇ ನೋಡಿಕೊಳ್ಳಲಿ ಅಂತಲೋ, ಅಥವಾ ಊರಿಗೆ ಹೊರಡುವಾಗ ಸಿಕ್ಕಿತು, ಕೊಟ್ಟುಬಿಡೋಣ ಅಂತಲೋ, ಅದೂ ನನಗೆ ತಿಳಿಯುವುದಿಲ್ಲ, ವಡೋದರಾದಲ್ಲಿ ಇಳಿದು ಬೂತಿನಿಂದ ಅವನ ಮೊಬೈಲಿಗೆ ಮಾಡಬಹುದು, ಮಾಡಿ ಏನೆನ್ನಲಿ, ಪ್ರಶಾಂತ್, ನಾನು ಅಭಿಪ್ರಾಯ ಬದಲಿಸಿದ್ದೇನೆ, ಕೊನೆ ಚೆನ್ನಾಗಿದೆ, ಅವಳು ಬರುತ್ತಾಳೆ — ಫೋನು ಯಾರು ಎತ್ತುತ್ತಾರೆ, ಅವನ ತಂಗಿ, ಹಿಂದೆ ವಾಲಗ, ಯಾರು ಮಾತಾಡೋದು, ಯಾರೂ ಇಲ್ಲ, ರೈಲಿನವಳು. ಮೊದಲನೇ ಪೀರಿಯಡ್ಡು ಎರಡನೇ ವರ್ಷದವರಿಗೆ, ಪಾತ್ರದ ಮನಸ್ಸನ್ನು ಓದುವುದು ಹೇಗೆ ಅಂತ ಪಾಠ, ನಾನು ಹೇಳಿಕೊಡುತ್ತೇನೆ. ಸದ್ದು ಬದಲಾಯಿತು, ಕಬ್ಬಿಣದ ಸದ್ದು, ಮಹೀ ಸೇತುವೆ, ಯಾರೋ ಮಾಸಿ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದಳು, ಕೆಳಗೆ ಮಣ್ಣು ಬಣ್ಣದ ನೀರು, ದಡದಲ್ಲಿ ಒಂದು ದೋಣಿ ಕಟ್ಟಿದೆ, ದೋಣಿ ಖಾಲಿ, ನೋಡಬಾರದು, ನೋಡಿದೆ, ಎದುರಿನ ಸೀಟಿಗೆ ಇನ್ನೂ ಯಾರೂ ಬಂದಿಲ್ಲ, ಮಣಿನಗರ ಹೋಯಿತು, ನಡಿಯಾದ್ ಹೋಯಿತು, ಆಣಂದ ಹೋಯಿತು, ಹಾಸಿದವನೂ ಎಲ್ಲೋ ಇಳಿದು ಹೋಗಿರಬೇಕು, ಬಿಳಿ ಕರ್ಚೀಫು ಮಾತ್ರ ಇದೆ, ನಿಂತು ನಿಂತು ಸಾಕಾದ ಮುದುಕರೊಬ್ಬರು ಬಗ್ಗಿ ಇಲ್ಲಿ ಯಾರಾದರೂ ಇದ್ದಾರಾ ಎಂದು ನನ್ನನ್ನು ಕೇಳುತ್ತಿದ್ದಾರೆ, ಕೋಯಿ ಬೇಠು ಛೇ, ಬೆನ್? ಇಲ್ಲ ಕೂತುಕೊಳ್ಳಿ ಅನ್ನಬೇಕು, ನನ್ನ ಬಾಯಿ ಆವೇ ಛೇ ಅನ್ನುತ್ತದೆ, ಆವೇ ಛೇ, ಬರ್ತಾಳೆ, ಅವರು ನನ್ನ ಮುಖ ನೋಡಿ ಹಿಂದೆ ಸರಿದರು, ಇಲ್ಲ ಕಾಕಾ, ಯಾರೂ ಬರುವುದಿಲ್ಲ, ಎತ್ತಿಬಿಡಿ ಅನ್ನಬೇಕು, ಅನ್ನಲಾಗುತ್ತಿಲ್ಲ, ಸೇತುವೆ ಮುಗಿಯುತ್ತಿಲ್ಲ, ಗಾಳಿ, ಮೂಲೆ ಏಳುತ್ತದೆ, ಬೀಳುತ್ತದೆ, ಕಿಟಕಿ ಪಕ್ಕದ ಸೀಟು, ಅದರ ಮೇಲೆ ಕರ್ಚೀಫು, ಏಳುತ್ತದೆ, ಬೀಳುತ್ತದೆ, ಕರ್ಚೀಫು