ದೊಡ್ಡ ನಷ್ಟ

ದರ್ಜಿ ಹೆಂಡತಿಯ ಶವದ ಮೇಲಿನ ಹೊದಿಕೆಯನ್ನು ಎಳೆದು ಪಾದ ಮುಚ್ಚುತ್ತಿರುವಾಗ ಅಧ್ಯಕ್ಷರು ಏದುಸಿರು ಬಿಡುತ್ತ ಒಳಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ದೊಡ್ಡ ನಷ್ಟ ಅಣ್ಣ. ಯಾರೂ ಅಂದ್ಕೊಂಡಿರ್ಲಿಲ್ಲ."

ದರ್ಜಿ ತಲೆಯಾಡಿಸಿದ.

"ಒಂಬತ್ತು ಸಾವಿರ ಓಟಿನ ಅಂತರ," ಎಂದರು ಅಧ್ಯಕ್ಷರು.

ದರ್ಜಿ ಕೈ ಬಿಡಿಸಿಕೊಂಡ. ಆಳುವ ಪಕ್ಷಕ್ಕೆ ಮೂವತ್ತು ವರ್ಷ ಬಾವುಟ ಹೊಲಿದವನು ಅವನು. ಇವರು ಅದೇ ಪಕ್ಷದ ವಾರ್ಡ್ ಘಟಕದ ಅಧ್ಯಕ್ಷರು. ಉಪಚುನಾವಣೆಯ ಎಣಿಕೆ ಇವತ್ತೇ ಬರಬೇಕಿತ್ತೆ? ಬೆಳಗಿನಿಂದ ಬಂದವರೆಲ್ಲ ಎರಡು ನಿಮಿಷ ಕೈಕಟ್ಟಿ ನಿಂತು, ಆಮೇಲೆ ಹೊಲಿಗೆ ಯಂತ್ರದ ಸುತ್ತ ಸೇರಿ ಮೊಬೈಲು ತೆಗೆಯುತ್ತಿದ್ದರು.

"ಇನ್ನಾರು ತಿಂಗಳು. ಸರ್ಕಾರ ಮನೆಗೆ," ಎಂದ ಪಕ್ಕದ ಮನೆಯವನು.

"ಆರು ಯಾಕೆ, ಮೂರು ಸಾಕು," ಎಂದ ವಿರೋಧ ಪಕ್ಷದ ಕಡೆಯ ಕ್ಷೌರಿಕ. ಸಾವಿನ ಮನೆಯೆಂದು ನೆನಪಾಗಿ ನಗುವನ್ನು ಮೀಸೆಯಲ್ಲೇ ನುಂಗಿಕೊಂಡ.

ದರ್ಜಿಗೆ ರೋಸಿಹೋಯಿತು.

*

ಹನ್ನೊಂದು ವರ್ಷದ ಹಿಂದೆ ಹೀಗೇ ಒಂದು ಉಪಚುನಾವಣೆಯಲ್ಲಿ ಪಕ್ಷ ಸೋತಾಗ ಅವನು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದ. ಎರಡು ಹೊತ್ತು ಉಂಡಿರಲಿಲ್ಲ. ಹೆಂಡತಿ ಶಾಲೆಯ ಆಯಾ. ಪ್ರತಿ ಚುನಾವಣೆಗೂ ಬೆಂಚುಗಳನ್ನು ಹೊರಗಿಟ್ಟು ಮತಗಟ್ಟೆಯ ಕೋಣೆ ಅಣಿಮಾಡಿ, ದಿನವಿಡೀ ಅದರ ಬಾಗಿಲಲ್ಲೇ ಕೂತು, ಮುಗಿದ ಮೇಲೆ ಅವನ್ನು ಮತ್ತೆ ಒಳಗೆ ಸೇರಿಸುತ್ತಿದ್ದವಳು.

"ಯಾವ ಸುಖಕ್ಕೆ ಈ ಉಪವಾಸ?" ಎಂದಳು, ಊದಿದ ಕಾಲನ್ನು ಬಿಸಿನೀರಿಗಿಳಿಸುತ್ತ. "ದೊಡ್ಡ ಚುನಾವಣೇಲಿ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಈ ಸಲ ಮಧ್ಯಾಹ್ನ ಅಧಿಕಾರಿಗಳು ತೂಕಡಿಸ್ತಿದ್ರು. ಸಿಟ್ಟಿದ್ದೋರು ಬಂದು ಹಾಕಿ ಹೋದ್ರು, ಮಿಕ್ಕೋರು ಮನೇಲೇ ಉಳಿದ್ರು. ಹೇಗಿದ್ರೂ ಸರ್ಕಾರ ಬೀಳಲ್ಲ ಅಂತ ಗೊತ್ತಿದ್ರೆ ಬೈಯೋದಕ್ಕೇನು ಕಷ್ಟ? ನಾನೂ ನಿಮ್ಮನ್ನ ದಿನಾ ಬೈತೀನಿ. ಮನೆ ಬಿಟ್ಟು ಹೋದ್ನಾ? ಏಳಿ, ತಟ್ಟೆ ಹಾಕಿದೀನಿ."

ಎರಡು ವರ್ಷಕ್ಕೆ ದೊಡ್ಡ ಚುನಾವಣೆ ಬಂತು. ಅದೇ ಸೀಟನ್ನು ಪಕ್ಷ ಮತ್ತೆ ಗೆದ್ದುಕೊಂಡಿತು. ಅವನು ಬೀದಿಗೆಲ್ಲ ಸಿಹಿ ಹಂಚಿ ಬಂದ. ನಿನ್ನ ಮಾತೇ ನಿಜವಾಯಿತು ಎಂದು ಅವಳಿಗೆ ಮಾತ್ರ ಹೇಳಲಿಲ್ಲ.

*

"ನೀವೇನಂತೀರಿ ಅಣ್ಣ?" ಅಧ್ಯಕ್ಷರು ಬಿಡಲಿಲ್ಲ. "ಜನ ನಮ್ಮ ಕೈಬಿಟ್ರು, ಅಲ್ವಾ?"

"ಎಷ್ಟು ಜನ ಓಟು ಹಾಕಿದ್ರು?"

"ನೂರಕ್ಕೆ ಮೂವತ್ತೆಂಟು."

"ನಾನು ಹಾಕಿಲ್ಲ," ಎಂದ ದರ್ಜಿ. "ಇವಳೂ ಹಾಕಿಲ್ಲ. ಆಸ್ಪತ್ರೇಲಿದ್ವಿ. ನಾವೂ ಕೈಬಿಟ್ಟವರಲ್ಲಿ ಸೇರಿದ್ವಾ?"

ಅಷ್ಟರಲ್ಲಿ ಅಧ್ಯಕ್ಷರ ಫೋನು ಹೊಡೆದುಕೊಂಡಿತು, ಟೀವಿಯವರು. "ಭೂಕಂಪ ಸಾರ್, ಭೂಕಂಪಾನೇ," ಎನ್ನುತ್ತ ಅವರು ಹೊರಗೆ ಹೋದರು.

"ಎತ್ತೋಕೆ ಇನ್ನೊಬ್ರು ಬೇಕಲ್ಲ," ಎಂದ ಶವ ಸಾಗಿಸಲು ಬಂದಿದ್ದ ವ್ಯಾನಿನ ಡ್ರೈವರ್. ಕ್ಷೌರಿಕ ಮೊಬೈಲನ್ನು ಆರಿಸಿ ಜೇಬಿಗಿಳಿಸಿ, ಬಂದು ತಲೆಯ ಕಡೆ ಹೆಗಲು ಕೊಟ್ಟ.

ವ್ಯಾನು ಶಾಲೆಯ ಮುಂದೆ ನಿಧಾನವಾಯಿತು. ಮತದಾನ ಮುಗಿದು ಮೂರು ದಿನವಾಗಿತ್ತು. ಒಳಗೆ ಸೇರಿಸುವವರಿಲ್ಲದ ಬೆಂಚುಗಳು ಇನ್ನೂ ವರಾಂಡದಲ್ಲೇ ಒಂದರ ಮೇಲೊಂದು ಕೂತಿದ್ದವು. ಕೋಣೆಯೊಳಗೆ ಮಕ್ಕಳು ನೆಲದ ಮೇಲೆ ಸಾಲಾಗಿ ಕೂತು, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು, ಬೆನ್ನು ಬಾಗಿಸಿ ಬರೆಯುತ್ತಿದ್ದರು.