ಮೂರನೆಯ ದೀಪದ ಕಂಬ

ಕ್ಯಾಮೆರಾದ ಮೆಮೊರಿ ಕಾರ್ಡು ಕಂಪ್ಯೂಟರಿನ ಪಕ್ಕದ ಸೀಳಿನಲ್ಲೇ ಇತ್ತು. ನಾಳೆಯಿಂದ ಕೆಲಸಕ್ಕೆ ಬರುತ್ತೇನೆಂದು ಪ್ರಯೋಗಾಲಯಕ್ಕೆ ಎರಡು ಸಾಲು ಬರೆದು ಕಳಿಸಿ ಮುಚ್ಚಳ ಮುಚ್ಚುವಾಗ ಅದರ ನೀಲಿ ಅಂಚು ಅವಳ ಹೆಬ್ಬೆರಳಿಗೆ ತಗುಲಿತು.

ಅಂತ್ಯಕ್ರಿಯೆಗೆಂದು ಬಂದು ಉಳಿದಿದ್ದ ನೆಂಟರೆಲ್ಲ ಹಿಂದಿನ ಸಂಜೆ ಹೊರಟುಹೋಗಿದ್ದರು. ಆ ಸೋಮವಾರ ಬೆಳಿಗ್ಗೆ ತೊಳೆಯಲು ಇದ್ದದ್ದು ಎರಡೇ ಲೋಟ, ಅವಳದೊಂದು, ಅತ್ತೆಯದೊಂದು. ಹಾಲಿನವನು ಮಾತ್ರ ಎಂದಿನಂತೆ ಮೂವರಿಗಾಗುವಷ್ಟು ಇಟ್ಟುಹೋಗಿದ್ದ.

ಕಾರ್ಡನ್ನು ಅಲ್ಲಿ ಹಾಕಿದವಳು ಅವಳೇ. ಗಂಡ ತೀರಿಕೊಂಡದ್ದು ಬುಧವಾರ. ಅದಕ್ಕೆ ಮೊದಲಿನ ಶನಿವಾರ ಸಂಜೆ, ಅತ್ತೆಯ ಬಸ್ ಪಾಸಿಗೆ ಫೋಟೊ ಬೇಕೆಂದು ಅವನ ಕ್ಯಾಮೆರಾದಿಂದ ಅದನ್ನು ಹೊರತೆಗೆದಿದ್ದಳು. ಮರಳಿ ಹಾಕಲು ಮರೆತಳು. ಭಾನುವಾರ ಬೆಳಕು ಹರಿಯುವಾಗ ಅವನು ಎದ್ದು, ಚೀಲ ಹೆಗಲಿಗೇರಿಸಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಕಾರು ನೋಡಲು ಹೋಗಿದ್ದ.

ಪ್ರತಿ ಭಾನುವಾರವೂ ಹೋಗುತ್ತಿದ್ದ. ವಾರವೆಲ್ಲ ಲಿಫ್ಟುಗಳ ರಿಪೇರಿ. ಭಾನುವಾರ ಮೇಲ್ಸೇತುವೆಯ ಇಳಿಜಾರಿನಲ್ಲಿ ನಿಂತು, ತಾನು ಜನ್ಮದಲ್ಲಿ ಕೂರಲಾರದ ಕಾರುಗಳ ಫೋಟೊ ತೆಗೆಯುವುದು. ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು, ಅಂಥದ್ದರಲ್ಲಿ ಒಮ್ಮೆ ಕೂರಬೇಕು ಅಂತ ಆಸೆಯಾಗಲ್ವಾ ಎಂದು. "ಕೂರೋಕೆ ಯಾರಿಗೆ ಬೇಕೇ? ಒಳಗೆ ಕೂತೋನಿಗೆ ಕಾರು ಕಾಣಿಸುತ್ತಾ?" ಎಂದಿದ್ದ.

ಅವಳು ಕ್ಯಾಮೆರಾ ಚೀಲವನ್ನು ಬೀರುವಿನ ಮೇಲಿಂದ ಇಳಿಸಿದಳು. ಕ್ಯಾಮೆರಾ ಅವನದು. ಅದಕ್ಕೆ ಹೊಂದಿಸಿದ್ದ, ಮೊಳಕೈಯುದ್ದದ ಲೆನ್ಸ್ ಅವನ ಕಾರು ನೋಡುವ ಗುಂಪಿನ ಟೇಲರ್ ಅವರದು, ಎರವಲು ತಂದದ್ದು. ಕಾರ್ಡು ಇಲ್ಲದೆಯೇ ಕಿಟಕಿಯ ಕಡೆ ಗುರಿಯಿಟ್ಟು ಗುಂಡಿ ಒತ್ತಿದಳು. ಕ್ಯಾಮೆರಾ ಯಾವ ತಕರಾರೂ ಇಲ್ಲದೆ ಕ್ಲಿಕ್ಕೆಂದಿತು. ಎದುರು ಮನೆಯ ನೀರಿನ ಟ್ಯಾಂಕು ಪರದೆಯ ಮೇಲೆ ಎರಡು ಸೆಕೆಂಡು ಚೊಕ್ಕವಾಗಿ ಮೂಡಿ ಮಾಯವಾಯಿತು. ಮೂಲೆಯಲ್ಲಿ ಕಾರ್ಡು ಇಲ್ಲವೆಂಬ ಗುರುತು, ಅಕ್ಕಿಕಾಳಿನಷ್ಟು.

ಆ ಭಾನುವಾರ ಮಧ್ಯಾಹ್ನದ ಊಟ ಅವಳಿಗೆ ನೆನಪಿತ್ತು. ಬಂದವನೇ ಶೂ ಬಿಚ್ಚದೆ ಹೇಳಿದ್ದ: "ಪಾರಿವಾಳ ಸಿಕ್ತು ಕಣೇ. ಓಡಿಸ್ತಿದ್ದೋರು ಯಾರು ಗೊತ್ತಾ? ಒಬ್ಬ ಅಜ್ಜಿ. ದಿಂಬಿನ ಮೇಲೆ ಕೂತು." ಪಾರಿವಾಳ ಎಂದರೆ ಅವನ ಗುಂಪಿನವರೆಲ್ಲ ಎರಡು ವರ್ಷದಿಂದ ಕಾಯುತ್ತಿದ್ದ, ಆ ಹಕ್ಕಿಯ ಬಣ್ಣದ ಒಂದು ಕಾರು. ಆಮೇಲೆ ಫೋಟೊ ತೋರಿಸುತ್ತೇನೆಂದು ಕಂಪ್ಯೂಟರಿನ ಮುಂದೆ ಹೋಗಿ ಕುಳಿತ. ಬಹಳ ಹೊತ್ತು ಕುಳಿತಿದ್ದ. ಊಟಕ್ಕೆ ಬಂದಾಗ ಪಾರಿವಾಳದ ಮಾತು ಎತ್ತಲಿಲ್ಲ. "ಅಮ್ಮನ ಫೋಟೊ ಚೆನ್ನಾಗಿ ಬಂತಾ?" ಎಂದು ಮಾತ್ರ ಕೇಳಿದ. ಬಂತು ಎಂದಿದ್ದಳು. ಮತ್ತೆ ಮೂರು ದಿನ ಬದುಕಿದ್ದ, ಕಾರ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬುಧವಾರ ಕೆಟ್ಟುನಿಂತ ಲಿಫ್ಟ್ ನೋಡಲು ಮೆಟ್ಟಿಲು ಹತ್ತುತ್ತಾ ನಾಲ್ಕನೇ ಮಹಡಿಯಲ್ಲಿ ಸುಸ್ತೆಂದು ಕುಳಿತವನು ಏಳಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವಳು ಎಲ್ಲವನ್ನೂ ಹೇಳಿದಳು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

"ಬಸ್ ಪಾಸು ಬೇಡ ಅಂತ ಬಡ್ಕೊಂಡೆ. ಆ ಫೋಟೋದಲ್ಲಿ ನನ್ನ ಮೂತಿಯಾದ್ರೂ ನೆಟ್ಟಗಿದೆಯಾ? ಪೊಲೀಸರು ಹಿಡಿದ ಕಳ್ಳಿ ಥರ ಇದ್ದೀನಿ." ಸೆರಗು ಬಿಟ್ಟು, "ಆ ಲೆನ್ಸ್ ವಾಪಸ್ ಕೊಟ್ಬಿಡಮ್ಮ. ಅವನು ಯಾರದ್ದೂ ಇಟ್ಕೊಳ್ಳೋನಲ್ಲ" ಎಂದರು.

ಟೇಲರ್ ಅಂಗಡಿ ದೊಡ್ಡ ಹೋಟೆಲಿನ ಎದುರಿನ ಸಾಲಿನಲ್ಲಿತ್ತು. ಮುಂದೆ ಹೊಲಿಗೆ ಯಂತ್ರ, ಕತ್ತರಿಸುವ ಮೇಜು. ಹಿಂದಿನ ಗೋಡೆಯ ತುಂಬ ಕಾರುಗಳು. ಕೆಂಪು ಫೆರಾರಿ, ಬಾಗಿಲು ಮೇಲಕ್ಕೆತ್ತಿದ ಲ್ಯಾಂಬೋರ್ಗಿನಿ, ಮಳೆಯಲ್ಲಿ ಹೊಳೆಯುವ ಬೆಂಟ್ಲಿ, ಎಲ್ಲಕ್ಕೂ ನಾಲ್ಕು ಮೂಲೆಗೆ ನಾಲ್ಕು ಗುಂಡುಪಿನ್ನು. ಪ್ರತಿಯೊಂದರ ಕೆಳಗೆ ಒಂದು ಚೀಟಿ: ಕಂಡವರು ಯಾರು, ಎಲ್ಲಿ, ಯಾವಾಗ. ಚೀಟಿಯಲ್ಲಿ ಅವರ ಅಡ್ಡಹೆಸರುಗಳೇ. ಅವಳ ಗಂಡನದು "ಲಿಫ್ಟ್". ನಡುವೆ ಒಂದು ಫೋಟೊದಷ್ಟು ಜಾಗ ಖಾಲಿಯಿತ್ತು, ನಾಲ್ಕು ಪಿನ್ನುಗಳನ್ನು ಆಗಲೇ ಚುಚ್ಚಿಟ್ಟಿದ್ದರು.

ಟೇಲರ್ ಅರವತ್ತು ದಾಟಿದವರು, ಕೊರಳಲ್ಲಿ ಅಳತೆಪಟ್ಟಿ. ಮೇಜಿನ ತುದಿಯಲ್ಲಿ ಅದೇ ಗುಂಪಿನ ಟ್ಯಾಕ್ಸಿಯವನೊಬ್ಬ ಕುಳಿತು, ಅವಳು ಬಾಗಿಲಲ್ಲಿರುವುದನ್ನು ಕಾಣದೆ ಮಾತಾಡುತ್ತಿದ್ದ.

"ಸತ್ತೋರ ಬಗ್ಗೆ ಆಡಬಾರದು ಅಣ್ಣ, ಆದ್ರೆ ಯೋಚನೆ ಮಾಡಿ. ಭಾನುವಾರ ಸಿಕ್ತು ಅಂದ. ಸೋಮವಾರ ತರ್ತೀನಿ ಅಂದ. ಮಂಗಳವಾರ ಫೋನ್ ಮಾಡಿದ್ರೆ ಸ್ವಲ್ಪ ತಡ ಆಗುತ್ತೆ ಅಂದ. ಅಜ್ಜಿಯಂತೆ, ದಿಂಬಂತೆ. ಹನ್ನೆರಡು ಸಿಲಿಂಡರ್ ಕಾರು, ನಾವ್ಯಾರೂ ಎರಡು ವರ್ಷದಿಂದ ಬಾಲಾನೂ ನೋಡಿಲ್ಲ. ಇವನಿಗೆ ಅಜ್ಜಿ ಸಮೇತ ಸಿಕ್ತಾ? ಲೆನ್ಸ್ ಇನ್ನೊಂದು ವಾರ ಇಟ್ಕೊಳ್ಳೋಕೆ ಹೂಡಿದ ಆಟ ಅದು."

"ಬಾಮ್ಮ, ಒಳಗೆ ಬಾ," ಎಂದರು ಟೇಲರ್.

ಟ್ಯಾಕ್ಸಿಯವನು ತಿರುಗಿ ನೋಡಿ ಮೇಜಿನಿಂದ ಇಳಿದ. "ನಮಸ್ಕಾರ ಅಕ್ಕ. ನಾನು... ಕೂತ್ಕೊಳಿ."

"ಅವರು ಸುಳ್ಳು ಹೇಳಿಲ್ಲ," ಎಂದಳು ಅವಳು. "ಕ್ಯಾಮೆರಾದಲ್ಲಿ ಕಾರ್ಡ್ ಇರಲಿಲ್ಲ. ತೆಗೆದವಳು ನಾನು. ಆಮೇಲೆ ಗೊತ್ತಾದ್ರೂ ನನ್ನ ಹೆಸರು ಹೇಳಬಾರದು ಅಂತ ಸುಮ್ಮನಿದ್ರು."

ಟೇಲರ್ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು.

"ನಾನು ನಂಬ್ತೀನಿ ತಾಯಿ. ಆದ್ರೆ ಈ ಗೋಡೆ ಮಾತು ಕೇಳಲ್ಲ. ಅದೂ ಅವನೇ ಮಾಡಿದ ಕಟ್ಟಳೆ. ರಸ್ತೆ ಮೇಲೆ ಓಡ್ತಿರಬೇಕು, ನಂಬರ್ ಕಾಣಬೇಕು. ಕಂಡೆ ಅಂದ ಮೇಲೆ ಮೂರು ಭಾನುವಾರದೊಳಗೆ ತೆಗೆದ ಫೋಟೊ ಬರಬೇಕು. ಇಲ್ಲಾಂದ್ರೆ ಜಾಗ ಬೇರೆಯವರದು, ಅವನು ಕಂಡಿದ್ದು ಕಂಡಂಗಲ್ಲ. ಒಂದು ಭಾನುವಾರ ಆಯ್ತು."

"ಜಾಗ ಯಾರದು ಆಮೇಲೆ?"

ಟ್ಯಾಕ್ಸಿಯವನು ಕೆಮ್ಮಿದ. "ನಂದೊಂದು ಹಳದಿ ಬಣ್ಣದ್ದು ಕಾಯ್ತಾ ಇದೆ ಅಕ್ಕ. ಹಾಗಂತ ನಾನೇನು..."

"ಫೋಟೊ ಯಾರು ತೆಗೆದರೂ ಆಗುತ್ತಾ?"

ಟೇಲರ್ ಯೋಚಿಸಿದರು. "ಯಾರು ತೆಗೆದರೂ ಸರಿ. ಅವನು ಹೇಳಿದ್ದೆಲ್ಲ ಅದರಲ್ಲಿರಬೇಕು."

ಲೆನ್ಸ್ ಕೊಡಲೆಂದು ಬಂದವಳು ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು. "ಹಾಗಾದ್ರೆ ಇದನ್ನ ಇನ್ನೆರಡು ಭಾನುವಾರ ಇಟ್ಕೊಳ್ತೀನಿ."

ಕೇಳಿದಂತಿರಲಿಲ್ಲ, ಹೇಳಿದಂತಿತ್ತು. ಟೇಲರ್ ತಲೆಯಾಡಿಸಿದರು.

ಅವಳ ಕೆಲಸ ಕುಡಿಯುವ ನೀರಿನ ಪರೀಕ್ಷೆ. ಊರಿನ ನಲ್ಲಿಗಳಿಂದ ಬಂದ ಬಾಟಲಿಗಳ ಮುಂದೆ ಕೂತು, ಬಣ್ಣ ತಿರುಗುವ ಆ ಒಂದು ಹನಿಗಾಗಿ ಕಾಯುವುದು ಐದು ವರ್ಷದಿಂದ ಅಭ್ಯಾಸವಾಗಿತ್ತು. ಕಾಯುವುದರಲ್ಲಿ ಅವಳನ್ನು ಮೀರಿಸುವವರು ಕಾರು ನೋಡುವ ಆ ಗುಂಪಿನಲ್ಲಿ ಇರಲಿಲ್ಲ. ಮಂಗಳವಾರ ಕೆಲಸಕ್ಕೆ ಹೋದಳು. ಸಂಜೆ ಮನೆಗೆ ಬಂದು, ಕಿಟಕಿಯಲ್ಲಿ ನಿಂತು, ಹಾದುಹೋಗುವ ಆಟೋಗಳ, ಸೈಕಲ್ಲುಗಳ ಫೋಟೊ ತೆಗೆದಳು. ಶುಕ್ರವಾರದ ಹೊತ್ತಿಗೆ ಹತ್ತರಲ್ಲಿ ಏಳು ಚೊಕ್ಕವಾಗಿ ಬರುತ್ತಿದ್ದವು. ಅತ್ತೆ ಪಕ್ಕದಲ್ಲಿ ಕೂತು, "ಈ ಸೈಕಲ್ ಬಾಲ ಹೋಯ್ತು, ತೆಗೆದುಹಾಕು" ಎನ್ನುತ್ತಿದ್ದರು.

ಲೆನ್ಸಿನ ಮೇಲೆ, ದೂರ ಹೊಂದಿಸುವ ಬಳೆಗೆ, ಅವನು ಬಿಳಿ ಅಂಟುಪಟ್ಟಿಯ ತುಂಡೊಂದನ್ನು ಅಂಟಿಸಿದ್ದ. ಅದರ ಮೇಲೆ ಪೆನ್ನಿನಲ್ಲಿ ಒಂದು ಗೀಟು, ಪಕ್ಕದಲ್ಲಿ "೩". ಅದೇನೆಂದು ಮೊದಲ ಭಾನುವಾರ ಇಳಿಜಾರಿನಲ್ಲಿ ನಿಂತಾಗ ತಿಳಿಯಿತು. ತಡೆಗೋಡೆಯ ಪಕ್ಕದಲ್ಲಿ ಅವನ ಜಾಗ ಯಾವುದೆಂದು ಕೇಳಬೇಕಾಗಲಿಲ್ಲ. ಅಲ್ಲಿ ಅವನು ಒರಗುತ್ತಿದ್ದ ಕಡೆ ಸಿಮೆಂಟು ನುಣುಪಾಗಿತ್ತು. ಅಲ್ಲಿಂದ ಬಳೆಯ ಗೀಟನ್ನು ಲೆನ್ಸಿನ ಮೇಲಿನ ಗುರುತಿಗೆ ಕೂಡಿಸಿದರೆ ಮೂರನೆಯ ದೀಪದ ಕಂಬ, ಅದಕ್ಕೆ ಅಂಟಿದ್ದ ಹರಿದ ಜಾಹೀರಾತಿನ ಅಕ್ಷರ ಕೂಡ, ಸ್ಪಷ್ಟವಾಗಿ ಕಂಡಿತು.

ಆ ದಿನ ಎರಡು ಪೋರ್ಷೆ ಬಂದವು, ಒಂದು ಬಿಳಿ ರೋಲ್ಸ್ ರಾಯ್ಸ್ ಮದುಮಕ್ಕಳನ್ನು ಹೊತ್ತುಹೋಯಿತು. ಪಾರಿವಾಳ ಬರಲಿಲ್ಲ. ಒಂಬತ್ತಕ್ಕೆ ಬಿಸಿಲೇರಿದ ಮೇಲೆ ಅವಳು ಮನೆಗೆ ನಡೆದಳು.

ಎರಡನೆಯ ಭಾನುವಾರ, ಕೊನೆಯದು, ಆರು ಗಂಟೆಗೇ ಟ್ಯಾಕ್ಸಿಯೊಂದು ತಡೆಗೋಡೆಯ ಪಕ್ಕ ನಿಂತಿತು. ಟ್ಯಾಕ್ಸಿಯವನು ಎರಡು ಕಾಗದದ ಲೋಟಗಳಲ್ಲಿ ಚಹಾ ಹಿಡಿದು ಇಳಿದ.

"ನೀವು ಕಾಯೋದು ಸುಮ್ನೆ ಅಕ್ಕ. ಆ ಥರ ಕಾರು ಮೇಲಿನ ತಿರುವಿನಲ್ಲೇ ಕೂಗುತ್ತೆ. ಎದೆ ನಡುಗುತ್ತೆ. ನಮಗೆಲ್ಲ ಕಿವಿಯಲ್ಲೇ ಮೊದಲು ಗೊತ್ತಾಗೋದು. ಸದ್ದು ಕೇಳಿದ ಮೇಲೆ ಕ್ಯಾಮೆರಾ ಎತ್ತಿದ್ರೆ ಸಾಕು."

"ಅಜ್ಜಿ ಕೂಗಿಸ್ತಾರಾ?" ಎಂದಳು.

ಅವನು ಒಂದು ಲೋಟವನ್ನು ಅವಳ ಮುಂದೆ ತಡೆಗೋಡೆಯ ಮೇಲಿಟ್ಟ.

ಅವಳು ಕ್ಯಾಮೆರಾದ ಪುಟ್ಟ ಬಾಗಿಲು ತೆರೆದು ಕಾರ್ಡಿನ ನೀಲಿ ಅಂಚನ್ನು ನೋಡಿ ಮುಚ್ಚಿದಳು. ಅದು ಆ ಬೆಳಗಿನ ನಾಲ್ಕನೆಯ ಸಲ. ಬಳೆಯನ್ನು ಗೀಟಿಗೆ ತಿರುಗಿಸಿದಳು. ವೇಗದ ಸಾಲನ್ನು ಬಿಟ್ಟು ಅಂಚಿನ ನಿಧಾನದ ಸಾಲನ್ನು, ಹಾಲಿನ ಗಾಡಿಗಳು, ಬ್ರೆಡ್ಡಿನ ವ್ಯಾನುಗಳು ಇಳಿಯುವ ಸಾಲನ್ನು ನೋಡುತ್ತಾ ನಿಂತಳು.

ಆರೂವರೆ ದಾಟಿತ್ತು. ಬ್ರೆಡ್ಡಿನ ವ್ಯಾನೊಂದು ಇಳಿಯಿತು. ಅದರ ಹಿಂದೆ, ಅವಸರವಿಲ್ಲದೆ, ಯಾವ ತಿರುವೂ ಇಲ್ಲದ ಕಡೆ ಇಂಡಿಕೇಟರ್ ಮಿನುಗಿಸುತ್ತಾ, ಪಾರಿವಾಳದ ಕತ್ತಿನ ಬಣ್ಣದ ಒಂದು ಉದ್ದ ಮೂತಿ. ನೆಲಕ್ಕೆ ತಾಗುವಷ್ಟು ತಗ್ಗು, ಹೊಳೆಯ ಕಲ್ಲಿನಷ್ಟು ನುಣುಪು. ಎಂಜಿನ್ನು ಹೊಲಿಗೆ ಯಂತ್ರದಷ್ಟು ಮೆಲ್ಲಗೆ ಉಸಿರಾಡುತ್ತಿತ್ತು. ಅವಳಿಗೆ ಒಂದು ಗಳಿಗೆ ಕೈ ಬರಲಿಲ್ಲ. ಇದನ್ನು ನೋಡಲು ಅವನು ಎದ್ದು ಬರುತ್ತಿದ್ದನೆ? ಬರಬೇಕಾದ್ದೇ.

ಗಾಜಿನೊಳಗೆ ನೀಲಿ ಸ್ವೆಟರಿನ ಒಬ್ಬ ಮುದುಕಿ, ಮೂಗಿನ ತುದಿಯಲ್ಲಿ ಕನ್ನಡಕ, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ತುಂಬಿದ ಪಾತ್ರೆಯಂತೆ ಗಟ್ಟಿಯಾಗಿ ಹಿಡಿದು, ರಸ್ತೆ ಕಾಣಲೆಂದು ಕತ್ತು ಚಾಚಿ ಕುಳಿತಿದ್ದಳು. ಪಕ್ಕದಿಂದ ಹೂವಿನ ಚಿತ್ತಾರದ ದಿಂಬಿನ ಮೂಲೆ ಇಣುಕುತ್ತಿತ್ತು.

ಕಾರು ಮೂರನೆಯ ಕಂಬಕ್ಕೆ ಬಂತು. ಅವಳು ಒತ್ತಿದಳು. ಮತ್ತೆ ಒತ್ತಿದಳು, ಒತ್ತುತ್ತಲೇ ಹೋದಳು, ಹಿಂದಿನ ನಂಬರು ಕಾಣುವವರೆಗೆ.

ಟ್ಯಾಕ್ಸಿಯವನ ಚಹಾ ಅವನ ಶೂ ಮೇಲೆ ಸುರಿಯುತ್ತಿತ್ತು. "ನಿಜವಾಗ್ಲೂ ಅಜ್ಜಿ," ಎಂದ. "ಎರಡು ವರ್ಷ ಅಕ್ಕ. ಎರಡು ವರ್ಷ ನಾವು ಸದ್ದಿಗೆ ಕಾದ್ವಿ. ಈಯಮ್ಮ ನಮ್ಮ ಬೆನ್ನ ಹಿಂದೆಯೇ ಬ್ರೆಡ್ ವ್ಯಾನ್ ಜೊತೆ ಹೋಗ್ತಿದ್ರು." ಕಾರು ಹೋದ ದಿಕ್ಕನ್ನೇ ನೋಡುತ್ತಾ, "ನಾನು ಅವತ್ತು ಅಂಗಡೀಲಿ ಅಂದಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ" ಎಂದ.

"ಅವರಿಗೆ ಹೇಳಿ," ಎಂದಳು. "ನನಗಲ್ಲ ಅಂದಿದ್ದು."

ಅವನು ನುಣುಪಾದ ಸಿಮೆಂಟಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಟ್ಯಾಕ್ಸಿಗೆ ಹೋದ.

ಅವಳು ಪರದೆಯಲ್ಲಿ ಫೋಟೊ ನೋಡಿಕೊಂಡಳು. ಎರಡು ಸೆಕೆಂಡಿಗೆ ಅದು ಮಾಯವಾಯಿತು. ಗುಂಡಿ ಒತ್ತಿ ಮತ್ತೆ ಕರೆದಳು. ಬಂತು. ಮತ್ತೊಮ್ಮೆ ಕರೆದಳು.

ಸೋಮವಾರ ಸಂಜೆ ಅಂಗಡಿಯಲ್ಲಿ ಟೇಲರ್ ಫೋಟೊವನ್ನು ಬಟ್ಟೆಯಂತೆ ಬೆಳಕಿಗೆ ಹಿಡಿದು ನೋಡಿದರು. ನಂಬರು, ತಿರುಗುವ ಚಕ್ರ, ಕನ್ನಡಕ, ದಿಂಬು. ಮಾತಿಲ್ಲದೆ ಖಾಲಿ ಜಾಗದಲ್ಲಿಟ್ಟು ನಾಲ್ಕು ಪಿನ್ನು ಒತ್ತಿದರು. ಮೇಜಿನ ತುದಿಯಲ್ಲಿದ್ದ ಟ್ಯಾಕ್ಸಿಯವನು ಹಳದಿ ಕಾರಿನ ಫೋಟೊವನ್ನು ಜೇಬಿನಿಂದ ತೆಗೆದು ಗೋಡೆಯ ಕೆಳಮೂಲೆಯಲ್ಲಿ, ಪೊರಕೆಯ ಪಕ್ಕ, ತಾನೇ ಚುಚ್ಚಿದ.

ಟೇಲರ್ ಚೀಟಿ, ಪೆನ್ಸಿಲ್ ಮುಂದೆ ಸರಿಸಿದರು. ಅವಳು ಬರೆದಳು: "ಕಂಡವರು: ಲಿಫ್ಟ್. ಮೇಲ್ಸೇತುವೆ, ಮೂರನೆಯ ಕಂಬ." ಅವನು ಕಂಡ ಭಾನುವಾರದ ತಾರೀಖು ಹಾಕಿದಳು. ಅದರ ಕೆಳಗೆ "ಫೋಟೊ ತೆಗೆದವರು" ಎಂದು ಬರೆದು ನಿಲ್ಲಿಸಿದಳು.

"ಇಲ್ಲಿ ಯಾರಿಗೂ ಸ್ವಂತ ಹೆಸರಿಲ್ಲಮ್ಮ," ಎಂದರು ಟೇಲರ್.

"ಏನು ಕೆಲಸ ಅಕ್ಕ ನಿಮ್ಮದು?"

"ನೀರು ಪರೀಕ್ಷೆ."

"ಮತ್ತೇನು, ನೀರು ಅಂತ ಹಾಕಿ," ಎಂದ ಟ್ಯಾಕ್ಸಿಯವನು. "ಲಿಫ್ಟು, ನೀರು. ಬಾಡಿಗೆ ಮನೆ ಜಾಹೀರಾತು ಇದ್ದಂಗಿದೆ."

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದದ್ದು. "ನೀರು" ಎಂದು ಬರೆದಳು.

ಆಮೇಲೆ ಚೀಲ ತೆರೆದು ಕ್ಯಾಮೆರಾದಿಂದ ಲೆನ್ಸನ್ನು ತಿರುಗಿಸಿ ಬಿಡಿಸಿದಳು. ಮುಂದಿನ ಮುಚ್ಚಳ ಹಾಕಿದಳು, ಹಿಂದಿನದು ಹಾಕಿದಳು, ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟಳು.

"ಗಾಜು ಒರೆಸಿದ್ದೀನಿ. ಈ ಪಟ್ಟಿ ಮಾತ್ರ ಅವರು ಅಂಟಿಸಿದ್ದು. ಕೊಟ್ಟಾಗ ಇರಲಿಲ್ಲ ಅಲ್ವಾ? ಮನೇಲಿ ಕೀಳೋಕೆ ಹೋದೆ, ಒಂದು ಮೂಲೆ ಎದ್ದಿತು. ಆಮೇಲೆ..."

ಟೇಲರ್ ಲೆನ್ಸನ್ನು ದೀಪದ ಕೆಳಗೆ ತಂದರು. ಕನ್ನಡಕದ ಮೇಲಿಂದ ಆ ಗೀಟನ್ನು, ಪಕ್ಕದ ಅಂಕಿಯನ್ನು ನೋಡಿದರು. ಎದ್ದುನಿಂತ ಮೂಲೆಗೆ ಉಗುರು ತಂದರು. ಉಗುರು ಅಲ್ಲೇ ನಿಂತಿತು. ಹೊರಗೆ ಹೋಟೆಲಿನ ಮುಂದೆ ಯಾವುದೋ ದೊಡ್ಡ ಎಂಜಿನ್ನು ಕೂಗಿ ಹೋಯಿತು, ಟ್ಯಾಕ್ಸಿಯವನು ಕೂಡ ಕತ್ತು ತಿರುಗಿಸಲಿಲ್ಲ.

ಟೇಲರ್ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ, ಹೊಲಿಗೆಯ ಮಡಿಕೆ ಕೂರಿಸುವಂತೆ, ಆ ಮೂಲೆಯನ್ನು ಮೆಲ್ಲಗೆ ಒತ್ತಿ ಹಿಡಿದರು, ಅದು ಅಂಟುವವರೆಗೆ.